ಕಟ್ಟೆ ಒಡೆಯುವವರ ಊರಲ್ಲಿ ಒಂದು ವಾರ

ಗುರುವಾರ, ಜನವರಿ 9, 2025

ವಿಮಾನ ಸ್ಯಾನ್ ಫ್ರಾನ್ಸಿಸ್ಕೋಗೆ ಇಳಿಯುವಾಗ ಕಿಟಕಿಯಿಂದ ಕೆಳಗೆ ನೋಡಿದೆ. ಕೊಲ್ಲಿಯ ಅಂಚಿನ ಉದ್ದಕ್ಕೂ ಗದ್ದೆಗಳ ಹಾಗೆ ಏನೋ ಕಾಣಿಸಿತು. ಬಣ್ಣ ಮಾತ್ರ ಗದ್ದೆಯದ್ದಲ್ಲ. ಒಂದು ಇಟ್ಟಿಗೆ ಕೆಂಪು, ಪಕ್ಕದ್ದು ಪಾಚಿ ಹಸಿರು, ಅದರಾಚೆ ಇನ್ನೊಂದು ಬೆಲ್ಲದ ಪಾಕದ ಬಣ್ಣ. ನಡುನಡುವೆ ಗೆರೆ ಎಳೆದ ಹಾಗೆ ಬದುಗಳು. ಪಕ್ಕದ ಸೀಟಿನ ಹುಡುಗ ಕಿವಿಗೆ ಏನೋ ಸಿಕ್ಕಿಸಿಕೊಂಡು ಮಲಗಿದ್ದ. ಇಲ್ಲದಿದ್ದರೆ ಅವನನ್ನು ಅಲುಗಾಡಿಸಿ ಹೇಳುತ್ತಿದ್ದೆ, ಇದು ಉಪ್ಪಿನ ಆಗರ ಕಣೋ, ನೋಡು ಅಂತ.

ನಾನು ಕುಮಟಾ ಕಡೆಯವಳು. ಅಘನಾಶಿನಿ ಅಳಿವೆಯ ದಂಡೆಯಲ್ಲಿ ಬೆಳೆದವಳು. ನಮ್ಮಮ್ಮನ ತಾಯಿ ಸಾಣಿಕಟ್ಟಾದ ಆಗರದಲ್ಲಿ ತಲೆ ಮೇಲೆ ಉಪ್ಪಿನ ಬುಟ್ಟಿ ಹೊತ್ತವಳು. ಅವಳ ಅಂಗಾಲಿನ ಬಿರುಕು ನನಗೆ ಈಗಲೂ ನೆನಪಿದೆ. ಡಾಲಸ್‌ನಲ್ಲಿ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಲ್ಲಿಂದ ಒಂದು ವಾರ ಬಿಡುವು ಮಾಡಿಕೊಂಡು ತಂಗಿ ಮಗಳು ಪುಟ್ಟಿಯ ಮನೆಗೆ ಹೊರಟಿದ್ದೆ. ಅವಳು ಇರುವುದು ಫ್ರೀಮಾಂಟ್‌ನಲ್ಲಿ. ಸಿಲಿಕಾನ್ ಕಣಿವೆಯ ಎಲ್ಲರ ಹಾಗೆ ಅವಳದ್ದೂ ಕಂಪ್ಯೂಟರ್ ಕೆಲಸ. ಆದರೆ ತಿಂಗಳಲ್ಲಿ ಎರಡು ಶನಿವಾರ ಕೊಲ್ಲಿಯ ಕೆಸರಿಗೆ ಇಳಿದು ಗಿಡ ನೆಡುತ್ತಾಳಂತೆ. "ಸುಮ್ನೆ ಬನ್ನಿ ದೊಡ್ಡಮ್ಮ, ನಿಮಗೆ ಊರಿಗೆ ಹೋದ ಹಾಗೆ ಅನ್ಸತ್ತೆ" ಅಂದಿದ್ದಳು. ನಾನು ನಂಬಿರಲಿಲ್ಲ.

ಮನೆಗೆ ಬಂದಾಗ ಟಿವಿಯಲ್ಲಿ ಲಾಸ್ ಏಂಜಲೀಸ್‌ನ ಬೆಂಕಿ. ಎರಡು ದಿನದಿಂದ ಉರಿಯುತ್ತಿತ್ತು. ಇಲ್ಲಿಂದ ಅದು ಆರು ಗಂಟೆ ಕಾರಿನ ದಾರಿ, ಹೊಗೆ ಬರುವುದಿಲ್ಲ. ಆದರೂ ಪುಟ್ಟಿ ಊಟ ಮಾಡುತ್ತಾ ಎರಡು ಸಲ ಎದ್ದು ಆಕಾಶ ನೋಡಿ ಬಂದಳು. "ಈ ಜನವರಿಯಲ್ಲಿ ಮಳೆಯೇ ಇಲ್ಲ. ನೆಟ್ಟ ಗಿಡದ ಗತಿ ಏನೋ" ಎಂದಳು. ಇಲ್ಲಿ ಮಳೆಗಾಲ ಅಂದರೆ ಚಳಿಗಾಲವೇ. ನವೆಂಬರಿನಿಂದ ಮಾರ್ಚ್‌ವರೆಗೆ ಬಂದರೆ ಬಂತು. ಬೇಸಿಗೆಯಲ್ಲಿ ಒಂದು ಹನಿಯೂ ಇಲ್ಲ. ಜೂನ್ ಮಳೆಯಲ್ಲಿ ಬೆಳೆದ ನನಗೆ ಇದು ಉಲ್ಟಾ ಪಂಚಾಂಗ.

ಶುಕ್ರವಾರ, ಜನವರಿ 10

ಡಂಬಾರ್ಟನ್ ಸೇತುವೆ ಹತ್ತಿರ ಒಂದು ಗುಡ್ಡ. ಅದರ ಬುಡದಿಂದ ನೀರಿನವರೆಗೆ ಜೌಗು. ಡಾನ್ ಎಡ್ವರ್ಡ್ಸ್ ಸ್ಯಾನ್ ಫ್ರಾನ್ಸಿಸ್ಕೋ ಬೇ ರಾಷ್ಟ್ರೀಯ ವನ್ಯಜೀವಿ ಧಾಮದ ಮುಖ್ಯ ಕಚೇರಿ ಇರುವುದು ಇಲ್ಲೇ. ಅಮೆರಿಕದಲ್ಲಿ ನಗರದ ಮಗ್ಗುಲಲ್ಲೇ ಮಾಡಿದ ಮೊದಲ ರಾಷ್ಟ್ರೀಯ ವನ್ಯಜೀವಿ ಧಾಮ ಇದು. ಸುಮಾರು 30,000 ಎಕರೆ. ಒಂದು ಕಡೆ ಹೆದ್ದಾರಿಯ ಸದ್ದು, ತಲೆ ಮೇಲೆ ವಿದ್ಯುತ್ ತಂತಿ, ದೂರದಲ್ಲಿ ಕಂಪನಿಗಳ ಗಾಜಿನ ಕಟ್ಟಡ. ನಡುವೆ ಬಕಪಕ್ಷಿ ಒಂದೇ ಕಾಲಲ್ಲಿ ನಿಂತಿದೆ.

ಪುಟ್ಟಿಗೆ ಮೀಟಿಂಗ್ ಇತ್ತು. ಅವಳು ಕಾರಿನಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ನಾನು ಒಬ್ಬಳೇ ಇಳಿದೆ. ಮರದ ಕಾಲುಸೇತುವೆ ಮೇಲೆ ನಾಲ್ಕು ಹೆಜ್ಜೆ ಇಟ್ಟಿದ್ದೆ ಅಷ್ಟೇ, ಮೂಗಿಗೆ ಹೊಡೆಯಿತು ಆ ವಾಸನೆ. ಕೊಳೆತ ಮೊಟ್ಟೆ, ಉಪ್ಪು, ಹಳೇ ಎಲೆ ಎಲ್ಲ ಸೇರಿದ ವಾಸನೆ. ಇಳಿತದ ಹೊತ್ತಿಗೆ ನಮ್ಮ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಲು ಹೋದರೆ ಬರುವುದೂ ಇದೇ. ಪಕ್ಕದಲ್ಲಿ ಹೋಗುತ್ತಿದ್ದವರು ಮೂಗು ಮುಚ್ಚಿಕೊಂಡರು. ನಾನು ದೀರ್ಘವಾಗಿ ಉಸಿರು ಎಳೆದುಕೊಂಡೆ. ಪುಟ್ಟಿ ಹೇಳಿದ್ದು ಸುಳ್ಳಲ್ಲ.

ಅಲ್ಲಿ ದುರ್ಬೀನು ಹಿಡಿದು ನಿಂತಿದ್ದ ಒಬ್ಬ ಅಜ್ಜಿ ಸಿಕ್ಕಿದರು. ಎಪ್ಪತ್ತೆಂಟು ವಯಸ್ಸು, ಇಪ್ಪತ್ತು ವರ್ಷದಿಂದ ಸ್ವಯಂಸೇವಕಿ. ಬಂದವರಿಗೆ ಹಕ್ಕಿ ತೋರಿಸುವುದು ಅವರ ಕೆಲಸ. ನನ್ನ ಇಂಗ್ಲಿಷ್ ಅಂಚೆ ಕಚೇರಿಯ ಕೌಂಟರಿನದ್ದು, ಅವರದ್ದು ನಿಧಾನದ್ದು. ಚೆನ್ನಾಗಿಯೇ ಹೊಂದಿಕೊಂಡಿತು. ನಾವು ನಿಂತಿದ್ದ ಜೌಗಿನ ಹೆಸರು ಲಾರಿವಿಯೇರ್ ಜೌಗು. ಫ್ಲಾರೆನ್ಸ್ ಮತ್ತು ಫಿಲಿಪ್ ಲಾರಿವಿಯೇರ್ ಎಂಬ ಗಂಡ ಹೆಂಡತಿಯ ಹೆಸರು ಅದು. ಇಬ್ಬರೂ ಅಧಿಕಾರಿಗಳಲ್ಲ, ರಾಜಕಾರಣಿಗಳೂ ಅಲ್ಲ. ಕೊಲ್ಲಿಯನ್ನು ಮಣ್ಣು ತುಂಬಿ ಮುಚ್ಚುವುದು ಬೇಡ ಎಂದು ಹಿಡಿದ ಹಟ ಬಿಡದ ನೆರೆಹೊರೆಯವರು.

ಹಟದ ಕಥೆ ಇಲ್ಲಿ ಒಂದೇ ಅಲ್ಲ. 1961ರಲ್ಲಿ ಇದೇ ದಡದಲ್ಲಿ ಉತ್ತರಕ್ಕಿರುವ ಬರ್ಕ್ಲಿಯಲ್ಲಿ ಕೇ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್ ಎಂಬ ಮೂವರು ಹೆಂಗಸರು ಸೇರಿ ಕೊಲ್ಲಿ ಉಳಿಸುವ ಸಂಘ ಕಟ್ಟಿದರು. ಆಗ ಪ್ರತಿ ಊರೂ ತನ್ನ ದಡಕ್ಕೆ ಮಣ್ಣು, ಕಸ ಸುರಿದು ಸೈಟು ಮಾಡಿಕೊಳ್ಳುತ್ತಿತ್ತು. ಹೀಗೇ ಬಿಟ್ಟರೆ 2020ರ ಹೊತ್ತಿಗೆ ಕೊಲ್ಲಿ ಹೋಗಿ ಹೊಳೆಯಷ್ಟೇ ಉಳಿಯಬಹುದು ಎಂದು ತೋರಿಸುವ ನಕ್ಷೆಯೊಂದು ಪತ್ರಿಕೆಯಲ್ಲಿ ಬಂದಿತ್ತು. ದಕ್ಷಿಣದ ಈ ತುದಿಯಲ್ಲಿ ಜನ ಬೇರೆ ದಾರಿ ಹಿಡಿದರು. ಇದನ್ನು ಧಾಮ ಮಾಡಿ ಎಂದು ಅಮೆರಿಕದ ಸಂಸತ್ ಸದಸ್ಯ ಡಾನ್ ಎಡ್ವರ್ಡ್ಸ್ ಅವರ ಬೆನ್ನು ಹತ್ತಿದರು. 1972ರಲ್ಲಿ ಕಾನೂನು ಆಯಿತು. ಅಷ್ಟಕ್ಕೆ ಬಿಟ್ಟರಾ? ಇಲ್ಲ. ಇನ್ನೂ ಎಷ್ಟೋ ಜೌಗು ಹೊರಗೇ ಉಳಿದಿದೆ ಎಂದು 1985ರಲ್ಲಿ ಲಾರಿವಿಯೇರ್ ದಂಪತಿ ಮತ್ತವರ ಜೊತೆಯವರು ಸಮಿತಿ ಮಾಡಿದರು. 1988ರಲ್ಲಿ ಧಾಮಕ್ಕೆ ಸೇರಿಸಬಹುದಾದ ನೆಲದ ಮಿತಿ 43,000 ಎಕರೆಗೆ ಏರಿತು. ಎಡ್ವರ್ಡ್ಸ್ ನಿವೃತ್ತರಾದ ಮೇಲೆ 1995ರಲ್ಲಿ ಧಾಮಕ್ಕೆ ಅವರ ಹೆಸರಿಟ್ಟರು.

"ನೀವು ನಿಂತಿರುವ ಜಾಗ ಮೊದಲು ಏನಾಗಿತ್ತು ಗೊತ್ತಾ?" ಅಜ್ಜಿ ಕೇಳಿದರು.

ಗೊತ್ತಿತ್ತು. ವಿಮಾನದಿಂದಲೇ ನೋಡಿದ್ದೆನಲ್ಲ. ಆಗರ.

ಅವರಿಗೆ ಆಶ್ಚರ್ಯ. ನಮ್ಮ ಊರಿನ ಕಥೆ ಹೇಳಿದೆ. ಆಗ ಅವರು ಬೆರಳು ಮಾಡಿ ತೋರಿಸಿದರು. ನ್ಯೂವರ್ಕ್ ಊರಿನ ಕಡೆ ಬೆಳ್ಳಗೆ ಒಂದು ಗುಡ್ಡ. ಹಿಮವಲ್ಲ, ಉಪ್ಪು. ಕಾರ್ಗಿಲ್ ಕಂಪನಿ ಈಗಲೂ ಇಲ್ಲಿ ಉಪ್ಪು ತೆಗೆಯುತ್ತದೆ. ಕೊಲ್ಲಿಯ ನೀರು ಒಂದು ಹೊಂಡದಿಂದ ಇನ್ನೊಂದಕ್ಕೆ ಹರಿಯುತ್ತಾ, ಗಟ್ಟಿಯಾಗುತ್ತಾ ಉಪ್ಪಾಗಲು ಐದು ವರ್ಷ ಬೇಕಂತೆ. ಐದು ವರ್ಷ! ಸಾಣಿಕಟ್ಟಾದಲ್ಲಿ ಒಂದು ಬೇಸಿಗೆ ಸಾಕು. ಇದರಲ್ಲಿ ಮಾತ್ರ ನಾವೇ ಮುಂದೆ ಎಂದುಕೊಂಡು ಸ್ವಲ್ಪ ಬೀಗಿದೆ.

ಶನಿವಾರ, ಜನವರಿ 11

ಬೆಳಿಗ್ಗೆ ಆಲ್ವಿಸೊಗೆ ಹೊರಟೆವು. ಸ್ಯಾನ್ ಹೋಸೆ ನಗರದ ಉತ್ತರ ತುದಿ. ಹಳೇ ದೋಣಿ ಊರು. ಈಗ ಸಮುದ್ರಮಟ್ಟಕ್ಕಿಂತ ಕೆಳಗೆ ಕೂತಿದೆ. ಈ ಕಣಿವೆ ಕಂಪ್ಯೂಟರಿಗೆ ಮೊದಲು ಹಣ್ಣಿನ ತೋಟಗಳದ್ದು. ತೋಟಕ್ಕೆ, ಊರಿಗೆ ಬಾವಿ ತೋಡಿ ತೋಡಿ ನೀರೆತ್ತಿದರು. ನೆಲ ಕುಸಿಯಿತು. ಸ್ಯಾನ್ ಹೋಸೆ ಪೇಟೆಯಲ್ಲಿ 13 ಅಡಿ ಇಳಿದಿದೆ. ಮನೆಮನೆಗೆ ಬೋರ್‌ವೆಲ್ ಕೊರೆಯುವ ನಮ್ಮವರಿಗೆ ಇದನ್ನು ಹೇಳಿದರೆ ಕೇಳುತ್ತಾರಾ? ಇರಲಿ.

ಧಾಮದ ಪರಿಸರ ಶಿಕ್ಷಣ ಕೇಂದ್ರ ಇರುವುದು ಈ ಊರಿನ ಕೊನೆಯಲ್ಲಿ. ಒಂಬತ್ತಕ್ಕೆ ಇಪ್ಪತ್ತೈದು ಜನ ಸೇರಿದ್ದೆವು. ಕಾಲೇಜು ಹುಡುಗರು, ಒಂದು ಚೀನೀ ಕುಟುಂಬ, ನಿವೃತ್ತರಾದ ಇಬ್ಬರು ಎಂಜಿನಿಯರುಗಳು, ಶಿವಮೊಗ್ಗದ ಒಬ್ಬ ಹುಡುಗ. ನನ್ನ ಸೀರೆ ನೋಡಿ ಅವನೇ ಬಂದು "ಕನ್ನಡಾನಾ?" ಅಂದ. ಎಲ್ಲರೂ ಒಂದು ಕಾಗದಕ್ಕೆ ಸಹಿ ಹಾಕಬೇಕು. ಬಿದ್ದರೆ, ಪೆಟ್ಟಾದರೆ ಅಂತೆಲ್ಲ ಬರೆದಿತ್ತು. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಬೇರೆಯವರಿಂದ ಸಹಿ ಹಾಕಿಸಿಕೊಂಡವಳು ನಾನು. ಪೂರ್ತಿ ಓದದೆ ಹಾಕಲಿಲ್ಲ. ಹಿಂದೆ ಸಾಲು ಬೆಳೆಯಿತು. ಪುಟ್ಟಿ ತಲೆ ಚಚ್ಚಿಕೊಂಡಳು.

ಆಮೇಲೆ ಶೂ ತಿಕ್ಕುವ ಕಾರ್ಯಕ್ರಮ. ಬ್ರಷ್‌ನಲ್ಲಿ ಅಡಿಯ ಮಣ್ಣೆಲ್ಲ ಉದುರಿಸಿ, ಔಷಧಿ ನೀರು ಸಿಂಪಡಿಸಬೇಕು. ಫೈಟಾಫ್ತೊರಾ ಎಂಬ ಬೇರು ಕೊಳೆಸುವ ರೋಗ ಮಣ್ಣಿನ ಜೊತೆ ಬರುತ್ತದಂತೆ. ಹೆಸರು ಕೇಳಿದ ಕೂಡಲೇ ನನಗೆ ಅಡಿಕೆ ತೋಟ ನೆನಪಾಯಿತು. ನಮ್ಮ ಅಡಿಕೆಯ ಕೊಳೆ ರೋಗಕ್ಕೂ ಕಾರಣ ಇದೇ ಕುಲದ್ದು. ಬೋರ್ಡೋ ಮಿಶ್ರಣ ಹೊಡೆಯುತ್ತೇವೆ ಎಂದು ತಂಡದ ನಾಯಕಿಗೆ ಹೇಳಿದೆ. ಆಕೆಗೆ ಅಡಿಕೆ ಏನೆಂದು ತಿಳಿಸುವುದರಲ್ಲೇ ಹತ್ತು ನಿಮಿಷ ಹೋಯಿತು.

ನೆಡಬೇಕಾದದ್ದು ಜೌಗಿನ ಒಳಗಲ್ಲ, ಅದರ ಅಂಚಿನ ಇಳಿಜಾರಿನಲ್ಲಿ. ಯಾಕೆ ಅಂಚಿನಲ್ಲೇ ಎಂದು ಕೇಳಿದೆ. "ನಾಳೆ ದೊಡ್ಡ ಉಬ್ಬರ ಇದೆ. ಬಂದು ನೋಡಿ, ಆಗ ಗೊತ್ತಾಗುತ್ತೆ" ಎಂದರು. ನೆಡುವ ಗಿಡದ ಹೆಸರು ಗಮ್‌ಪ್ಲಾಂಟ್. ಹಳದಿ ಹೂ ಬಿಡುತ್ತದೆ. ಮೊಗ್ಗಿನ ಮೇಲೆ ಬೆಳ್ಳಗೆ ಗೋಂದಿನ ಹಾಗೆ ಅಂಟು. ಜೊತೆಗೆ ಉಪ್ಪುಹುಲ್ಲು. ಅದರ ಎಲೆಯನ್ನು ಬಿಸಿಲಿಗೆ ಹಿಡಿದರೆ ಉಪ್ಪಿನ ಹರಳು ಮಿನುಗುತ್ತದೆ. ಬೇರಿನಿಂದ ಹೀರಿದ ಉಪ್ಪನ್ನು ಎಲೆಯಿಂದ ಬೆವರುತ್ತದೆ. ಜೌಗಿನ ಒಳಗೆಲ್ಲ ಪಿಕಲ್‌ವೀಡ್ ಎಂಬ ಗಿಡ ತುಂಬಿದೆ. ಅದರ ಉಪಾಯ ಬೇರೆ. ತುದಿಯ ಗಿಣ್ಣುಗಳಿಗೆ ಉಪ್ಪು ತುಂಬಿ, ಅವು ಕೆಂಪಾಗಿ ಉದುರುತ್ತವೆ. ಒಂದು ಚೂರು ಬಾಯಿಗೆ ಹಾಕಿಕೊಂಡೆ. ಮಾವಿನಮಿಡಿ ಉಪ್ಪಿನಕಾಯಿಯ ಮೇಲಿನ ನೀರಿನ ರುಚಿ.

ನನಗೆ ಸಣ್ಣ ಕೈಸಲಿಕೆ ಕೊಟ್ಟರು. ವಯಸ್ಸು ನೋಡಿ ಕೊಟ್ಟದ್ದು. ನೆಲ ಕಲ್ಲಿನ ಹಾಗಿತ್ತು. ಹತ್ತು ನಿಮಿಷ ಕೆರೆದು, ಅದನ್ನು ಅಲ್ಲೇ ಬಿಟ್ಟು ಪಿಕಾಸಿ ಎತ್ತಿಕೊಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾಲ್ಕು ಏಟು ಹಾಕಿದೆ. ಕಾಲೇಜು ಹುಡುಗರು ಫೋನ್ ತೆಗೆದರು. ಗುಂಡಿಯಲ್ಲಿ ಮೊದಲು ನೀರು ಹೊಯ್ಯಬೇಕು, ಅದು ಇಂಗಬೇಕು, ಆಮೇಲೆ ಗಿಡ, ಆಮೇಲೆ ಮಣ್ಣು, ಮೇಲೆ ಮತ್ತೆ ನೀರು, ಸುತ್ತ ಮರದ ಚೂರಿನ ಹೊದಿಕೆ. ಪಕ್ಕಕ್ಕೆ ಬಣ್ಣದ ಬಾವುಟ. ಮಳೆ ಕೈಕೊಟ್ಟಿದ್ದರಿಂದ ಬಕೆಟ್‌ನಲ್ಲೇ ನೀರು ಹೊತ್ತೆವು. ನಾನು ನೆಟ್ಟದ್ದು ಹನ್ನೊಂದು. ಶಿವಮೊಗ್ಗದ ಹುಡುಗ ಇಪ್ಪತ್ತಾರು ನೆಟ್ಟ. ಆದರೆ ಅವನು ನೀರು ಇಂಗುವವರೆಗೆ ಕಾಯುತ್ತಿರಲಿಲ್ಲ, ನಾನು ನೋಡಿದ್ದೇನೆ.

ಮಧ್ಯೆ ದೂರದಲ್ಲಿ ಢಂ ಎಂದು ಸದ್ದಾಯಿತು. ಮತ್ತೆ ಎರಡು. ಬಾತುಕೋಳಿಗಳ ಹಿಂಡು ಎದ್ದಿತು. ಪಟಾಕಿಯಾ ಎಂದು ಕೇಳಿದೆ. ಅಲ್ಲ, ಬಂದೂಕು. ಧಾಮದ ಕೆಲವು ಹೊಂಡಗಳಲ್ಲಿ ಚಳಿಗಾಲದಲ್ಲಿ ಬಾತು ಬೇಟೆಗೆ ಅನುಮತಿ ಇದೆ! ನನಗೆ ತಲೆ ಕೆಟ್ಟಿತು. ವನ್ಯಜೀವಿ ಧಾಮ ಅಂತ ಬೋರ್ಡು ಹಾಕಿ ಒಳಗೆ ಬೇಟೆಯಾ? ನಾಯಕಿ ಸಮಾಧಾನವಾಗಿ ವಿವರಿಸಿದರು. 1934ರಿಂದ ಇಲ್ಲಿ ಬಾತು ಬೇಟೆಗಾರರು ಒಂದು ಸ್ಟಾಂಪ್ ಕೊಳ್ಳಲೇಬೇಕು. ಅದರ ಒಂದೊಂದು ಡಾಲರಿನಲ್ಲೂ 98 ಸೆಂಟು ಜೌಗು ಕೊಳ್ಳಲು, ಉಳಿಸಲು ಹೋಗುತ್ತದೆ. ದೇಶದ ಎಷ್ಟೋ ಧಾಮಗಳ ನೆಲ ಆ ದುಡ್ಡಿನಿಂದ ಬಂದದ್ದು. ಲೆಕ್ಕ ಸರಿಯೇ ಇರಬಹುದು. ಸ್ಟಾಂಪ್ ಮಾರಿದವಳಿಗೆ ಸ್ಟಾಂಪಿನ ಮಹಿಮೆ ಅರ್ಥವಾಗುತ್ತದೆ. ಆದರೂ ಮುಂದಿನ ಢಂ ಕೇಳಿದಾಗ ಮೈ ಜುಮ್ಮೆಂದಿತು. ಇದೊಂದು ನನಗೆ ಒಗ್ಗಲಿಲ್ಲ.

ಹೊರಡುವ ಮೊದಲು ಒಂದು ಅನಾಹುತ. ಹತ್ತಿರದಿಂದ ನೋಡೋಣ ಎಂದು ಬದುವಿನಿಂದ ಕೆಳಗೆ ಒಂದು ಹೆಜ್ಜೆ ಇಟ್ಟೆ. ಕಾಲು ಮೊಣಕಾಲಿನವರೆಗೆ ಹೋಯಿತು. ಎಳೆದರೆ ಕಾಲು ಬಂತು, ಶೂ ಬರಲಿಲ್ಲ. ಅಘನಾಶಿನಿ ದಡದವಳು ಕೆಸರನ್ನು ನಂಬಿದ್ದು ನನ್ನದೇ ತಪ್ಪು. ಎಂಜಿನಿಯರ್ ಒಬ್ಬರು ಹೊಟ್ಟೆ ಮೇಲೆ ಮಲಗಿ ಕೈ ಹಾಕಿ ಶೂ ತೆಗೆದುಕೊಟ್ಟರು. ಅದು ಪುಟ್ಟಿಯ ಶೂ.

ಭಾನುವಾರ, ಜನವರಿ 12

ಹುಣ್ಣಿಮೆಗೆ ಒಂದು ದಿನ ಮೊದಲು. ಈ ಚಳಿಗಾಲದ ದೊಡ್ಡ ಉಬ್ಬರಗಳಿಗೆ ಇಲ್ಲಿನವರು ಕಿಂಗ್ ಟೈಡ್ ಅನ್ನುತ್ತಾರೆ, ರಾಜ ಉಬ್ಬರ. ಮತ್ತೆ ಡಂಬಾರ್ಟನ್ ಪಕ್ಕದ ಜೌಗಿಗೆ ಹೋದೆವು. ಸ್ವಯಂಸೇವಕರು ಆಗಲೇ ದುರ್ಬೀನು ನಿಲ್ಲಿಸಿಕೊಂಡಿದ್ದರು. ಶುಕ್ರವಾರದ ಅಜ್ಜಿಯೂ ಇದ್ದರು. ಕಾಲುದಾರಿಯಲ್ಲಿ ಬರುವವರಿಗೆಲ್ಲ ಒಂದೇ ಮಾತು: ಮೆತ್ತಗೆ ಮಾತಾಡಿ, ದಾರಿ ಬಿಟ್ಟು ಇಳಿಯಬೇಡಿ.

ಕೊಲ್ಲಿಯ ಬಾಯಿಯಲ್ಲಿ, ಗೋಲ್ಡನ್ ಗೇಟ್ ಹತ್ತಿರ ಎಷ್ಟು ನೀರು ಏರುತ್ತದೋ ಈ ದಕ್ಷಿಣ ತುದಿಯಲ್ಲಿ ಅದಕ್ಕಿಂತ ಜಾಸ್ತಿ ಏರುತ್ತದೆ. ಆಲಿಕೆಯಲ್ಲಿ ನೀರು ಒತ್ತಿದ ಹಾಗೆ. ಅಲೆ ಇಲ್ಲ, ಸದ್ದಿಲ್ಲ. ಮೊದಲು ಸಣ್ಣ ತೋಡುಗಳು ತುಂಬಿದವು. ಆಮೇಲೆ ಪಿಕಲ್‌ವೀಡ್ ಮುಳುಗಿತು. ಹನ್ನೊಂದಕ್ಕೆ ಹತ್ತಿರ ಜೌಗು ಪೂರ್ತಿ ಕನ್ನಡಿ. ಮೇಲೆ ಕಾಣುತ್ತಿದ್ದದ್ದು ತೋಡುಗಳ ಅಂಚಿನ ಗಮ್‌ಪ್ಲಾಂಟ್ ತಲೆಗಳು ಮತ್ತು ನಾವು ನಿಂತ ಬದುವಿನ ಇಳಿಜಾರಿನ ಪೊದೆ, ಅಷ್ಟೇ.

ಆಗ ಅಜ್ಜಿ ನನ್ನ ಮೊಣಕೈ ಹಿಡಿದರು. ಪೊದೆಯೊಳಗೆ ಏನೋ ಇತ್ತು. ಕೋಳಿಯಷ್ಟು ದೊಡ್ಡದು, ಉದ್ದ ಕೊಕ್ಕು, ಎದೆ ಮಣ್ಣಿನ ಬಣ್ಣ, ಪಕ್ಕೆಯಲ್ಲಿ ಬಿಳಿ ಪಟ್ಟೆ. ಕುತ್ತಿಗೆ ಒಳಕ್ಕೆ ಎಳೆದುಕೊಂಡು ಕಲ್ಲಿನ ಹಾಗೆ ಕೂತಿತ್ತು. ರಿಡ್ಜ್‌ವೇ ರೈಲ್ ಎಂಬ ಹಕ್ಕಿ. ನಮ್ಮ ಹುಂಡುಕೋಳಿಯ ವಂಶದ್ದೇ. ನಡಿಗೆ, ನಾಚಿಕೆ ಎಲ್ಲ ಅದರದ್ದೇ. 1970ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ನೀರು ಏರಿದಾಗ ಅದಕ್ಕೆ ಓಡಿಹೋಗಲು ಇರುವ ಜಾಗ ಈ ಅಂಚು ಮಾತ್ರ. ಅಂಚಿನಲ್ಲಿ ಪೊದೆ ಇದ್ದರೆ ಬದುಕಿತು. ಬೋಳಾಗಿದ್ದರೆ?

ಬೋಳಾಗಿದ್ದರೆ ಏನಾಗುತ್ತದೆ ಎನ್ನುವುದನ್ನೂ ಅದೇ ಬೆಳಿಗ್ಗೆ ನೋಡಿದೆ. ಸ್ವಲ್ಪ ಆಚೆ ಹುಲ್ಲೂ ಇಲ್ಲದ ಕಟ್ಟೆಯ ಮೇಲೆ ಎರಡು ಬೆಳ್ಳಕ್ಕಿ ಸಾಲಾಗಿ ನಿಂತಿದ್ದವು. ಮೀನಿಗಲ್ಲ. ಒಂದು ಕೊಕ್ಕು ಹಾಕಿತು. ಎತ್ತಿದಾಗ ಸಣ್ಣ ಬಾಲ ಅಲ್ಲಾಡುತ್ತಿತ್ತು. ಮೇಲೆ ಗಿಡುಗವೊಂದು ಕಟ್ಟೆಯ ಉದ್ದಕ್ಕೂ ತಗ್ಗಿ ಹಾರುತ್ತಾ ಹೋಗಿ ಬಂದು ಮಾಡುತ್ತಿತ್ತು, ಸಂತೆಯಲ್ಲಿ ತರಕಾರಿ ನೋಡುವವರ ಹಾಗೆ.

ಬೆಳ್ಳಕ್ಕಿಯ ಬಾಯಿಗೆ ಸಿಕ್ಕಿದ್ದು ಯಾವ ಇಲಿಯೋ ಹೇಳಲಾಗಲಿಲ್ಲ. ಆದರೆ ಇಲ್ಲಿ ಒಂದು ಇಲಿಯಿದೆ, ಉಪ್ಪುಜೌಗಿನ ಸುಗ್ಗಿ ಇಲಿ ಎನ್ನಬಹುದು. ಈ ಕೊಲ್ಲಿಯ ಸುತ್ತ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಹೆಬ್ಬೆರಳಿನಷ್ಟು ಮೈ, ಹತ್ತು ಗ್ರಾಂ ತೂಕ. ಪಿಕಲ್‌ವೀಡ್ ಹತ್ತುತ್ತದೆ, ಈಜುತ್ತದೆ. ಕೊಲ್ಲಿಯ ಹಳೇ ಜೌಗಿನಲ್ಲಿ ಹೆಚ್ಚುಕಡಿಮೆ ಒಂಬತ್ತು ಪಾಲು ಹೋಗಿ ಹತ್ತನೆಯ ಪಾಲು ಮಾತ್ರ ಉಳಿದಿದ್ದರಿಂದ ಇದಕ್ಕೂ ಮನೆ ಇಲ್ಲ. ಹನ್ನೊಂದು ಗಿಡದಿಂದ ಏನು ಮಹಾ ಎಂದು ಶನಿವಾರ ರಾತ್ರಿ ಪುಟ್ಟಿಗೆ ಹೇಳಿದ್ದೆ. ಭಾನುವಾರ ಆ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ, ಒಳ್ಳೆಯವಳು.

ಸೋಮವಾರ, ಜನವರಿ 13

ಮೈಕೈ ನೋವು. ಶೂ ತೊಳೆದದ್ದು ಬಿಟ್ಟರೆ ಏನೂ ಮಾಡಲಿಲ್ಲ. ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಅವನು ಊರಲ್ಲೇ ಇದ್ದಾನೆ. ನಮ್ಮ ಗಜನಿಯ (ಅಳಿವೆ ಪಕ್ಕದ ಗದ್ದೆಯ) ಕಟ್ಟೆ ಮಳೆಗಾಲದಲ್ಲಿ ಒಡೆದದ್ದು ಹಾಗೇ ಇದೆ, ಉಪ್ಪುನೀರು ನುಗ್ಗುತ್ತಿದೆ, ಈ ಸಲ ಕಗ್ಗ ಭತ್ತ ಬಿತ್ತಲಿಲ್ಲ, ಕಟ್ಟೆ ಕಟ್ಟಲು ಜನ ಸಿಗುವುದಿಲ್ಲ ಎಂದು ಒಂದೇ ಉಸಿರಲ್ಲಿ ಹೇಳಿದ.

"ಹಳೇ ಆಗರ ಮತ್ತೆ ಜೌಗಾಗಲಿ ಎಂದು ಇಲ್ಲಿ ದುಡ್ಡು ಕೊಟ್ಟು ಕಟ್ಟೆ ಒಡೆಸುತ್ತಾರೆ ಮಾರಾಯಾ" ಅಂದೆ.

"ಹುಚ್ಚಾ ಅವರಿಗೆ? ನಮ್ಮ ಏಡಿಗಳನ್ನು ಕಳಿಸುತ್ತೇನೆ, ಬಿಟ್ಟಿಯಾಗಿ ಒಡೆಯುತ್ತವೆ" ಅಂದ.

ನಕ್ಕೆವು. ಆದರೆ ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಕಟ್ಟೆ ಒಡೆದರೆ ಊರೇ ಓಡಿಬರುತ್ತಿದ್ದ ಕಾಲ ನೋಡಿದವಳು ನಾನು. ಒಡೆದ ಕಟ್ಟೆಯನ್ನು ನೋಡಿ ಚಪ್ಪಾಳೆ ತಟ್ಟುವುದು ಹೇಗೆ?

ಮಂಗಳವಾರ, ಜನವರಿ 14

ಸಂಕ್ರಾಂತಿ. ಪುಟ್ಟಿ ಭಾರತೀಯ ಅಂಗಡಿಯಿಂದ ಎಳ್ಳು, ಬೆಲ್ಲ, ಕೊಬ್ಬರಿ ತಂದಿದ್ದಳು. ಹೆಚ್ಚಿ, ಬೆರೆಸಿ, ಡಬ್ಬಿ ತುಂಬಿ ಆಲ್ವಿಸೊದ ನರ್ಸರಿಗೆ ಒಯ್ದೆವು. ವಾರದ ದಿನ ಬರುವವರು ಬಹುತೇಕ ನಿವೃತ್ತರು. ಬೀಜ ಬಿಡಿಸುವುದು, ಸಸಿಯನ್ನು ದೊಡ್ಡ ಕೊಳವೆಗೆ ಬದಲಿಸುವುದು, ಕುಂಡ ತೊಳೆಯುವುದು. ಕೈ ಕೆಲಸ ಮಾಡುತ್ತದೆ, ಬಾಯಿ ಸುದ್ದಿ ಹೇಳುತ್ತದೆ. ಹಪ್ಪಳ ಮಾಡುವ ಜಗಲಿಯೇ ಸರಿ.

ಎಳ್ಳು ತಿಂದು ಒಳ್ಳೆ ಮಾತಾಡಿ ಎಂದು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಒದ್ದಾಡಿದೆ. ಹೇಗೋ ತಲುಪಿತು. ಒಬ್ಬರು ತಿಂದು, "ಇಷ್ಟು ತಿಂದ ಮೇಲೆ ಹೈಬ್ರಿಡ್ ಹುಲ್ಲಿನ ಬಗ್ಗೆಯೂ ಒಳ್ಳೆಯದೇ ಆಡಬೇಕಾ?" ಎಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಅರ್ಥವಾಗಲಿಲ್ಲ. ಆಮೇಲೆ ಹೇಳಿದರು. ಅಟ್ಲಾಂಟಿಕ್ ಕಡೆಯ ಒಂದು ಸ್ಪಾರ್ಟಿನಾ ಹುಲ್ಲನ್ನು ದಡ ಗಟ್ಟಿಯಾಗಲಿ ಎಂದು ಹಿಂದೆ ಇಲ್ಲಿ ತಂದು ನೆಟ್ಟರು. ಅದು ಇಲ್ಲಿನ ಹುಲ್ಲಿನ ಜೊತೆ ಬೆರೆತು ಹೊಸ ಮಿಶ್ರತಳಿ ಹುಟ್ಟಿತು. ಹಕ್ಕಿಗಳು ಹುಳ ಹೆಕ್ಕುವ ಬಯಲು ಕೆಸರನ್ನೇ ಅದು ನುಂಗತೊಡಗಿತು. ಅದನ್ನು ತೆಗೆಯಲು 2000ದಿಂದ ದೊಡ್ಡ ಯೋಜನೆಯೇ ನಡೆದಿದೆ. ತಮಾಷೆ ಏನೆಂದರೆ ರೈಲ್ ಹಕ್ಕಿಗೆ ಆ ಎತ್ತರದ ಹುಲ್ಲು ಇಷ್ಟ, ಒಳಗೆ ಅಡಗಬಹುದಲ್ಲ. ಹುಲ್ಲು ಕಿತ್ತ ಕೆಲವು ಕಡೆ ಹಕ್ಕಿಯೂ ಕಡಿಮೆಯಾಯಿತು. ಅದಕ್ಕೇ ಕೀಳುವವರ ಹಿಂದೆಯೇ ನೆಡುವವರೂ ಹೋಗಬೇಕು. ಒಳ್ಳೇದು ಮಾಡಲು ಹೋಗಿ ತಂದದ್ದು, ತೆಗೆಯಲು ಹೋದರೆ ಮತ್ತೊಂದು. ಮನೆ ರಿಪೇರಿ ಮಾಡಿಸಿದವರಿಗೆಲ್ಲ ಇದು ಗೊತ್ತು.

ಬುಧವಾರ, ಜನವರಿ 15

ಪುಟ್ಟಿ ರಜೆ ಹಾಕಿದಳು. ಆಲ್ವಿಸೊದಿಂದ ಕಟ್ಟೆ ಮೇಲೆ ಉದ್ದ ನಡಿಗೆ, ನರ್ಸರಿಯ ಒಬ್ಬ ಎಂಜಿನಿಯರ್ ಜೊತೆಗೆ ಬಂದರು. ಶನಿವಾರ ನನ್ನ ಶೂ ತೆಗೆದವರು ಅವರೇ. ಒಂದು ಹೊಂಡದ ತುಂಬ ಚಮಚದ ಕೊಕ್ಕಿನ ಬಾತುಗಳು ಗುಂಪಾಗಿ ಗಿರಗಿರ ಸುತ್ತುತ್ತಾ ನೀರು ಸೋಸುತ್ತಿದ್ದವು. ಇನ್ನೊಂದರಲ್ಲಿ ಬಿಳಿ ಪೆಲಿಕನ್‌ಗಳು. ನಡುವೆ ಜೌಗನ್ನು ಸೀಳಿಕೊಂಡು ಒಂದು ಪ್ಯಾಸೆಂಜರ್ ರೈಲು ಹೋಯಿತು.

ಆ ಹಳಿಯ ಮೇಲೇ ಡ್ರಾಬ್ರಿಡ್ಜ್ ಎಂಬ ಊರಿತ್ತು. 1876ರಲ್ಲಿ ರೈಲು ಸೇತುವೆ ಕಾಯುವವನಿಗಾಗಿ ಒಂದು ಗುಡಿಸಲು, ಆಮೇಲೆ ಬೇಟೆಗಾರರ ಮನೆಗಳು, ಹೋಟೆಲು. ಕೊನೆಯ ನಿವಾಸಿ ಬಿಟ್ಟು ಹೋದದ್ದು 1979ರಲ್ಲಿ. ಈಗ ಯಾರಿಗೂ ಅಲ್ಲಿ ಪ್ರವೇಶವಿಲ್ಲ. ದುರ್ಬೀನಿನಲ್ಲಿ ಓರೆಯಾದ ಛಾವಣಿಗಳು ಕಂಡವು, ಕೆಸರಿಗೆ ಇಳಿಯುತ್ತಿರುವ ಮನೆಗಳು.

ಅದರ ಪಕ್ಕದಲ್ಲೇ ನಾನು ನೋಡಬೇಕೆಂದು ಹಟ ಹಿಡಿದಿದ್ದ ಜಾಗ. ಹೊಂಡ ಎ21. ಇಲ್ಲಿ ಹೊಂಡಗಳಿಗೆ ಹೆಸರಿಲ್ಲ, ನಂಬರು. 2003ರಲ್ಲಿ ಕೇಂದ್ರ, ರಾಜ್ಯ ಸರ್ಕಾರ ಮತ್ತು ನಾಲ್ಕು ಖಾಸಗಿ ಪ್ರತಿಷ್ಠಾನಗಳು ಸೇರಿ ಕಾರ್ಗಿಲ್‌ನಿಂದ 16,500 ಎಕರೆ ಆಗರ ಕೊಂಡವು. 10 ಕೋಟಿ ಡಾಲರ್. ಅದರಲ್ಲಿ 15,100 ಎಕರೆ ಈ ದಕ್ಷಿಣ ಭಾಗದ್ದು. ಎ21ರ ಕಟ್ಟೆಯನ್ನು 2006ರ ಮಾರ್ಚ್‌ನಲ್ಲಿ ಯಂತ್ರದಿಂದ ಒಡೆದರು. ಒಳಗೆ ಅದುವರೆಗೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಒಡೆದ ಬಾಯಿಯಿಂದ ದಿನಕ್ಕೆರಡು ಸಲ ಉಬ್ಬರ ಬಂತು, ಕೆಸರು ತಂತು, ಬೀಜ ತಂತು. ಯಾರೂ ಅಲ್ಲಿ ಒಂದು ಗಿಡ ನೆಡಲಿಲ್ಲ. ಈಗ ನೋಡಿದರೆ ಪೂರ್ತಿ ಜೌಗು, ಕೆಂಪು ಕಂದು ಕಂಬಳಿ ಹಾಸಿದ ಹಾಗೆ.

"ಹಾಗಾದರೆ ಎಲ್ಲವನ್ನೂ ಒಡೆದುಬಿಡಬಹುದಲ್ಲ?" ಅಂದೆ. ತಮ್ಮನ ಜೊತೆ ಮಾತಾಡಿದ ಮೇಲೆ ನನ್ನ ದನಿ ಸ್ವಲ್ಪ ಒರಟಾಗಿತ್ತು.

ಅವರು ತಲೆ ಅಲ್ಲಾಡಿಸಿದರು. ಕೆಲವು ಹಕ್ಕಿಗಳಿಗೆ ಆಗರವೇ ಬೇಕು. ಸ್ನೋಯಿ ಪ್ಲೋವರ್ ಎಂಬ ಮುಷ್ಟಿಗಾತ್ರದ ಹಕ್ಕಿ ಬರಿ ಉಪ್ಪುನೆಲದ ಮೇಲೇ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಕಣ್ಣಿಗೆ ಬೀಳದಿರಲಿ ಎಂದು ಈಡನ್ ಲ್ಯಾಂಡಿಂಗ್ ಕಡೆ ಒಣ ಹೊಂಡದ ಮೇಲೆ ಸಿಂಪಿಯ ಚಿಪ್ಪು ಹರಡಿದ್ದಾರೆ. ಬಳಚಿನ ಚಿಪ್ಪು ಸುಟ್ಟು ಸುಣ್ಣ ಮಾಡುವ ಊರಿನವಳಿಗೆ ಇದು ಹೊಸ ಉಪಯೋಗ. ಮತ್ತೆ ಎ8 ಎಂಬ ಹೊಂಡದ ಕಥೆ ಬೇರೆ. ಮೇಲಿನ ಬೆಟ್ಟದಲ್ಲಿ ನ್ಯೂ ಆಲ್ಮಡೆನ್ ಎಂಬ ಹಳೇ ಪಾದರಸದ ಗಣಿ ಇತ್ತು. ಆ ಪಾದರಸ ಹೊಳೆಯಲ್ಲಿ ಹರಿದು ಬಂದು ಇಲ್ಲಿನ ಕೆಸರಿನಲ್ಲಿ ಕೂತಿದೆ. ಧಡಾರನೆ ಒಡೆದರೆ ಅದು ಎದ್ದು ಮೀನಿಗೆ, ಮೀನಿನಿಂದ ಹಕ್ಕಿಯ ಮೊಟ್ಟೆಗೆ. ಅದಕ್ಕೆ ಅಲ್ಲಿ ಒಡೆಯದೆ, ಬಾಗಿಲು ಇಟ್ಟು, ಸ್ವಲ್ಪ ಸ್ವಲ್ಪ ತೆರೆದು, ಮೀನು ಮೊಟ್ಟೆ ಪರೀಕ್ಷೆ ಮಾಡುತ್ತಾ ಬಂದರು.

ಊರಿಗೆ ಒತ್ತಿಕೊಂಡಿರುವ ಹೊಂಡಗಳಲ್ಲಂತೂ ಕೈ ಹಾಕುವ ಹಾಗಿಲ್ಲ. ಅಲ್ಲಿ ಕಟ್ಟೆ ಹೋದರೆ ಆಲ್ವಿಸೊ ಮುಳುಗುತ್ತದೆ. ಅದಕ್ಕೆ ಊರಿನ ಕಡೆಗೆ ಹೊಸ, ಎತ್ತರದ ಕಟ್ಟೆ ಕಟ್ಟುತ್ತಿದ್ದಾರೆ. ಲಾರಿಗಳು ಮಣ್ಣು ತಂದು ಸುರಿದದ್ದು ಕಾಣುತ್ತಿತ್ತು. ಅದು ಗಟ್ಟಿಯಾದ ಮೇಲೆ ಹಳೇ ಕಟ್ಟೆ ಒಡೆಯುವುದು. ಮಧ್ಯೆ ಬೆಳೆಯುವ ಜೌಗು ಅಲೆಯ ಹೊಡೆತ ತಡೆಯುತ್ತದೆ.

ಅಂದರೆ ಇವರೂ ಕಟ್ಟುತ್ತಾರೆ. ಎಲ್ಲಿ ಕಟ್ಟಬೇಕು, ಎಲ್ಲಿ ಒಡೆಯಬೇಕು ಎನ್ನುವುದರ ಜಗಳ ಅಷ್ಟೇ. ಅದಕ್ಕೆ ಇಪ್ಪತ್ತು ವರ್ಷದಿಂದ ಮೀಟಿಂಗ್ ಮಾಡುತ್ತಿದ್ದಾರಂತೆ. ಇದು ನನಗೆ ಚಪ್ಪಾಳೆಗಿಂತ ಸಮಾಧಾನ ಕೊಟ್ಟಿತು. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದೆ ಎಂದು ಅವರಿಗೆ ಹೇಳಿದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಬಳಚು, ಗಜನಿ, ಕಗ್ಗ ಭತ್ತ ಎಲ್ಲ ಹೇಳಿದೆ. ಉಪ್ಪುನೀರಲ್ಲಿ ಬೆಳೆಯುವ ಭತ್ತ ಅಂದಾಗ ಅವರು ನಿಂತುಬಿಟ್ಟರು. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು "ಕಗ್ಗ" ಎಂದು ಬರೆದುಕೊಂಡರು. ಕಾಗುಣಿತ ಎರಡು ಸಲ ಕೇಳಿದರು.

ಗುರುವಾರ, ಜನವರಿ 16

ವಾಪಸ್ ಡಾಲಸ್. ಮೊಮ್ಮಗನಿಗೆ ಪಿಕಲ್‌ವೀಡ್ ಒಂದು ಕಡ್ಡಿ ಒಯ್ಯಬೇಕೆಂದಿದ್ದೆ. ಧಾಮದಿಂದ ಏನೂ ಕೀಳುವ ಹಾಗಿಲ್ಲ ಎಂದು ಪುಟ್ಟಿ ಕಣ್ಣು ಬಿಟ್ಟಳು. ಬಾಯಿಗೆ ಹಾಕಿಕೊಂಡಿದ್ದನ್ನು ಅವಳಿಗೆ ಇನ್ನೂ ಹೇಳಿಲ್ಲ.

ಮಳೆ ಬಂದದ್ದು ನಾನು ಹೊರಟು ಎರಡು ವಾರವಾದ ಮೇಲೆ, ಫೆಬ್ರವರಿ ಶುರುವಿಗೆ. ಬಂದದ್ದು ಚೆನ್ನಾಗಿಯೇ ಬಂತು. ಆಮೇಲೆ ಒಂದು ಶನಿವಾರ ಪುಟ್ಟಿ ಫೋಟೋ ಕಳಿಸಿದಳು. ಒದ್ದೆ ಮಣ್ಣು, ಬಾವುಟಗಳು. "ದೊಡ್ಡಮ್ಮ, ನಿಮ್ಮ ಹನ್ನೊಂದರಲ್ಲಿ ಒಂಬತ್ತು ಇವೆ. ಎರಡನ್ನು ಮೊಲ ತಿಂದಿದೆ."

ತಮ್ಮನಿಗೆ ಫೋನ್ ಮಾಡಿದಾಗ ಅದನ್ನೂ ಹೇಳಿದೆ.

"ಮೊಲ ತಾನೇ? ತಿನ್ನಲಿ ಬಿಡು" ಅಂದ. ಆಮೇಲೆ, "ಆ ಏಡಿ ಕಳಿಸಬೇಕೋ ಬೇಡವೋ?" ಎಂದು ಕೇಳಿದ.